ಕಬ್ಬನ್ ಎಲ್ಲಿಯ ಹೆಸರು?

ಪ್ರಶ್ನೆ: ಸ್ಮಿತ್, ಬ್ರೌನ್, ಟೇಲರ್ ಅನ್ನುವ ಇಂಗ್ಲಿಷರ ಹೆಸರುಗಳನ್ನು ಎಷ್ಟೋ ಕೇಳಿದ್ದೇನೆ. ಆದರೆ ಕಬ್ಬನ್ ಪಾರ್ಕಿನ ಕಬ್ಬನ್ ಬಿಟ್ಟರೆ ಆ ಹೆಸರಿನ ಇನ್ನೊಬ್ಬರನ್ನು ಕಂಡಿಲ್ಲ. ಇದು ಇಂಗ್ಲೆಂಡಿನ ಯಾವ ಭಾಗದ ಹೆಸರು? ಈಗಲೂ ಈ ಹೆಸರಿನವರು ಇದ್ದಾರಾ?
– ಬೆಂಗಳೂರಿನ ಓದುಗರು

ಉತ್ತರ: ಇದ್ದಾರೆ. ಆದರೆ ಇದು ಮೂಲತಃ ಇಂಗ್ಲೆಂಡಿನ ಹೆಸರಲ್ಲ, ಐಲ್ ಆಫ್ ಮ್ಯಾನ್‌ನದು. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಪುಟ್ಟ ದ್ವೀಪ ಅದು. ಬ್ರಿಟಿಷ್ ದೊರೆಯ ಅಧೀನದಲ್ಲಿದ್ದರೂ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿಲ್ಲ. 2021ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು 84 ಸಾವಿರ ಚಿಲ್ಲರೆ ಜನ, ಅಷ್ಟೇ. ಹೆಸರು ಅಪರೂಪವಾಗದೆ ಇನ್ನೇನು!

ಮೈಸೂರಿನ ಕಮಿಷನರ್ ಆಗಿ 1834ರಿಂದ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ ಅದೇ ದ್ವೀಪದ ಮೊಹೋಲ್ಡ್ ಎಂಬ ಊರಿನವರು. ತಂದೆ ಅಲ್ಲಿನ ಪಾದ್ರಿ. ಊರಿಗೆ ಮರಳುವಾಗ ಮಾರ್ಕ್ ಸೂಯೆಜ್‌ನಲ್ಲಿ ತೀರಿಕೊಂಡರು, ಮಣ್ಣಾದದ್ದು ಮೊಹೋಲ್ಡ್‌ನಲ್ಲೇ.

ಇನ್ನು ಹೆಸರಿನ ಮೂಲ. ದ್ವೀಪದ ಹಳೆಯ ಮಾತು ಮ್ಯಾಂಕ್ಸ್, ಐರಿಶ್ ಮತ್ತು ಸ್ಕಾಟಿಷ್ ಗೇಲಿಕ್‌ಗಳ ದಾಯಾದಿ. 'ಮ್ಯಾಕ್' ಅಂದರೆ ಮಗ. ಸ್ಕಾಟ್ಲೆಂಡಿನವರು ಅದನ್ನು ಹೆಸರಿನ ಮುಂದೆ ಹಾಗೇ ಉಳಿಸಿಕೊಂಡರು. ಮ್ಯಾಂಕ್ಸ್ ಜನ ಮಾತ್ರ 'ಮ್ಯಾ' ನುಂಗಿ, ಕೊನೆಯ 'ಕ್' ಅನ್ನು ಹೆಸರಿಗೆ ಅಂಟಿಸಿಬಿಟ್ಟರು. ಮ್ಯಾಕ್ ಗಿಬ್ಬನ್ ಹೀಗೆ ಕಬ್ಬನ್ ಆಯಿತು. ಗಿಬ್ಬನ್ ಅನ್ನುವುದು ಗಿಲ್ಬರ್ಟ್‌ನ ಮುದ್ದು ಹೆಸರು. ಗಿಲ್ಬರ್ಟ್ ಬಂದದ್ದು ಫ್ರಾನ್ಸಿನ ಉತ್ತರ ಭಾಗದಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಿಂದ. ಅಂದರೆ ಹೊರಗಿನ ಹೆಸರು ಗೇಲಿಕ್ ಬಾಯಲ್ಲಿ ನುರಿದು ಹೀಗಾಗಿದೆ!

ದ್ವೀಪದಲ್ಲಿ ಇಂಥವು ಜಾಸ್ತಿ. ಮ್ಯಾಕ್ ವಿಲಿಯಂ ಕ್ವಿಲಿಯಮ್ ಆದರು, ಮ್ಯಾಕ್ ಐಸಾಕ್ ಕಿಸ್ಸಾಕ್ ಆದರು. ಕಾರ್ಕಿಲ್ ಅನ್ನುವುದು ಮ್ಯಾಕ್ ಥಾರ್ಕೆಲ್. ಥಾರ್ಕೆಲ್ ವೈಕಿಂಗ್ ಹೆಸರು. 1266ರವರೆಗೆ ದ್ವೀಪ ನಾರ್ವೆಯ ದೊರೆಗಳ ಕೈಕೆಳಗಿತ್ತಲ್ವಾ, ಅದರ ಗುರುತು.

ಕಬ್ಬನ್‌ಗಳು ಹೊರಗೆ ಹೋದದ್ದು ಹೆಚ್ಚಾಗಿ ಎದುರು ದಡದ ಲಿವರ್‌ಪೂಲ್ ಮತ್ತು ಲ್ಯಾಂಕಷೈರ್ ಕಡೆಗೆ. 1820ರ ದಶಕದಿಂದ ಮ್ಯಾಂಕ್ಸ್ ಜನ ಅಮೆರಿಕದ ಕ್ಲೀವ್‌ಲ್ಯಾಂಡ್‌ಗೂ ವಲಸೆ ಹೋದರು. ಸ್ಕಾಟ್ಲೆಂಡಿನ ಗ್ಯಾಲೋವೇ ಪ್ರದೇಶದಲ್ಲಿ ಮ್ಯಾಕ್‌ಕಬ್ಬಿನ್ ಅನ್ನುವವರಿದ್ದಾರೆ. ಮೂಲದ ಹೆಸರು ಅದೇ, ಆದರೆ ಸುಮ್ನೆ ನೆಂಟಸ್ತಿಕೆ ಕಲ್ಪಿಸಬೇಡಿ. ಗಿಲ್ಬರ್ಟ್‌ಗಳು ಎಲ್ಲ ಕಡೆಯೂ ಇದ್ದರು.

ನೀವೇ ಹುಡುಕುವುದಾದರೆ ಚರ್ಚಿನ ಹಳೆಯ ದಾಖಲೆಗಳಲ್ಲಿ 'ಕಬ್ಬಿನ್' ಎಂದೂ ನೋಡಿ. ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು.