ಆ ಕೋಣೆಯೊಳಗೆ ಯಾರು ಹೋಗಿದ್ದರು?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಫ್ರೆಂಚ್ ಚಿತ್ರಕಾರ ದೆಲಕ್ರುವಾ ಅವರ ‘ಆಲ್ಜಿಯರ್ಸ್‌ನ ಹೆಂಗಸರು’ ಚಿತ್ರದ ಕೆಳಗೆ ‘ಕಣ್ಣಾರೆ ಕಂಡು ಬರೆದದ್ದು’ ಎಂದು ಹಾಕಿದ್ದೀರಿ. ಪರಗಂಡಸರಿಗೆ ಬಾಗಿಲೇ ಇಲ್ಲದ ಜನಾನಾದೊಳಗೆ ಇವರು ಹೋದದ್ದು ಹೇಗೆ? ಅಲ್ಲಿ ಯಾರಿಗೂ ಕೆಲಸವೇ ಇರಲಿಲ್ಲವೇ?

ಸಂಪಾದಕರ ಉತ್ತರ: ಸಿಕ್ಕಿಬಿದ್ದೆ, ಮೇಡಂ. ಆ ಅಡಿಬರಹ ನನ್ನದೇ.

ಪೂರ್ತಿ ಸುಳ್ಳೇನಲ್ಲ. 1832ರಲ್ಲಿ ಫ್ರೆಂಚ್ ರಾಯಭಾರಿಯ ಜೊತೆ ಮೊರಾಕ್ಕೊಗೆ ಹೋಗಿದ್ದ ದೆಲಕ್ರುವಾ, ವಾಪಸು ಬರುವಾಗ ಆಲ್ಜಿಯರ್ಸ್‌ನಲ್ಲಿ ಕೆಲವೇ ದಿನ ಇದ್ದರು. ಬಂದರಿನ ಅಧಿಕಾರಿಯೊಬ್ಬರು ಒಂದು ಮನೆಯ ಯಜಮಾನನನ್ನು ಒಪ್ಪಿಸಿ ಒಳಗೆ ಕಳಿಸಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಫ್ರಾನ್ಸ್ ಆ ಊರನ್ನು ಗೆದ್ದು ಆಗ ಎರಡೇ ವರ್ಷ. ಗೆದ್ದವರ ಕಡೆಯವರು ಬಂದು ಕೇಳಿದರೆ ‘ಆಗಲ್ಲ’ ಅನ್ನೋಕೆ ಆಗುತ್ತಾ? ಅಲ್ಲಿ ಗೀಚಿಕೊಂಡದ್ದನ್ನು ಇಟ್ಟುಕೊಂಡು ದೊಡ್ಡ ಚಿತ್ರ ಮಾಡಿದ್ದು ಪ್ಯಾರಿಸ್‌ನಲ್ಲಿ, 1834ರಲ್ಲಿ.

ಆದರೂ ಇವರು ವಾಸಿ. ಆಂಗ್ರ್ ಅಂತ ಇನ್ನೊಬ್ಬ ಫ್ರೆಂಚ್ ಚಿತ್ರಕಾರರಿದ್ದರು. ಟರ್ಕಿ ಕಡೆ ತಲೆ ಹಾಕಿದವರೇ ಅಲ್ಲ. 82ನೇ ವಯಸ್ಸಿನಲ್ಲಿ, 1862ರಲ್ಲಿ, ‘ಟರ್ಕಿಯ ಸ್ನಾನಗೃಹ’ ಮುಗಿಸಿದರು. ತುಂಬ ಬೆತ್ತಲೆ ಹೆಂಗಸರೇ! ಅವರಿಗೆ ಆಧಾರ, ಬ್ರಿಟಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯು 1717ರಲ್ಲಿ ಬರೆದ ಕಾಗದಗಳು. ಆಕೆ ಆಗ ಟರ್ಕಿಯ ಸಾಮ್ರಾಜ್ಯದಲ್ಲಿದ್ದ ಸೋಫಿಯಾ ಊರಿನ ಸ್ನಾನಗೃಹಕ್ಕೆ ನಿಜವಾಗಿಯೂ ಹೋಗಿದ್ದರು. ಅದು ಹೆಂಗಸರ ಕಾಫಿ ಕಟ್ಟೆ, ಊರ ಸುದ್ದಿಯೆಲ್ಲ ಅಲ್ಲೇ ಸಿಗುತ್ತೆ ಅಂತ ಬರೆದರು. ಅಸಭ್ಯವಾದದ್ದು ಒಂದೂ ಕಾಣಲಿಲ್ಲ ಅಂತಲೂ ಬರೆದರು. ಆಂಗ್ರ್ ಬೆತ್ತಲೆ ಮೈ ಇಟ್ಟುಕೊಂಡರು, ಕಾಫಿ ಕಟ್ಟೆ ಬಿಟ್ಟರು.

ಆ ಕಾಗದದಲ್ಲೇ ಇನ್ನೊಂದು ಸಂಗತಿ ಇದೆ, ಹೇಳದೆ ಇರೋಕಾಗಲ್ಲ. ನೀವೂ ಬಟ್ಟೆ ಬಿಚ್ಚಿ ಅಂತ ಸ್ನಾನಗೃಹದ ಹೆಂಗಸರೆಲ್ಲ ಒತ್ತಾಯ ಮಾಡಿದಾಗ, ಮೇರಿ ಅಂಗಿ ಸರಿಸಿ ತಮ್ಮ ಬಿಗಿಯಾದ ಒಳಕವಚ ತೋರಿಸಿದರು. ಅದನ್ನು ನೋಡಿ ಅವರು, ಅಯ್ಯೋ, ಗಂಡನೇ ಈಕೆಯನ್ನು ಈ ಯಂತ್ರದೊಳಗೆ ಹಾಕಿ ಬೀಗ ಜಡಿದಿದ್ದಾನೆ ಅಂದುಕೊಂಡರಂತೆ! ಇದನ್ನು ಮಾತ್ರ ಆಂಗ್ರ್ ಬಿಡಿಸಲಿಲ್ಲ.

ಜನಾನಾದೊಳಗೆ ಹೋಗಿ ಬಂದು ಬಿಡಿಸಿದ ಹೆಂಗಸು ಹೆನ್ರಿಯೆಟ್ ಬ್ರೌನ್. ಫ್ರೆಂಚ್ ಕಲಾವಿದೆ. 1860ರಲ್ಲಿ ಇಸ್ತಾಂಬುಲ್‌ನಲ್ಲಿದ್ದು, ಮರುವರ್ಷ ಪ್ಯಾರಿಸ್‌ನಲ್ಲಿ ಪ್ರದರ್ಶಿಸಿದರು. ‘ಭೇಟಿ’ ಎಂಬ ಚಿತ್ರದಲ್ಲಿ ಜಾಸ್ತಿ ಸಾಮಾನಿಲ್ಲದ ಹಜಾರ, ಮೈತುಂಬ ಬಟ್ಟೆ ತೊಟ್ಟ ಹೆಂಗಸರು, ಬಂದ ನೆಂಟರನ್ನು ಬರಮಾಡಿಕೊಳ್ಳುವ ಮನೆಯವರು. ಅಷ್ಟೇ. ನಮ್ಮ ಅತ್ತೆಮನೆಯ ಹಜಾರದಲ್ಲಿ ಹಬ್ಬದ ದಿನ ಕಾಣುವಂಥದ್ದೇ.

ಇನ್ನು ಕೆಲಸದ ಪ್ರಶ್ನೆ. ದೆಲಕ್ರುವಾ ಚಿತ್ರದಲ್ಲಿ ಮೂವರು ಕೂತಿದ್ದಾರೆ. ಬಲತುದಿಯಲ್ಲಿ ಕಪ್ಪು ಬಣ್ಣದ ಆಳುಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಇಡೀ ಕೋಣೆಯಲ್ಲಿ ಎದ್ದು ಓಡಾಡುತ್ತಿರುವವಳು ಅವಳೊಬ್ಬಳೇ. ನಿಮಗೆ ಅವಳು ಕಾಣಿಸಿರಲಿಕ್ಕಿಲ್ಲ. ಪುಟಕ್ಕೆ ಹೊಂದಲಿ ಅಂತ ಬಲಗಡೆ ಕತ್ತರಿಸಿದ್ದೂ ನಾವೇ.

ಮುಂದಿನ ಸಂಚಿಕೆಯಲ್ಲಿ ಚಿತ್ರ ಪೂರ್ತಿ ಬರುತ್ತೆ. ಅಡಿಬರಹ ಈ ಸಲ ನೀವೇ ಬರೆದು ಕಳಿಸುತ್ತೀರಾ?