ತಡವರಿಸುವುದು ಕಣ್ಣು, ತೊಡಕು ಬೇರೆ ಕಡೆ

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಮಾತಿನಲ್ಲಿ ಬಲು ಚುರುಕು, ಓದಲು ಕೂತರೆ ಸಾಲು ಸಾಲಿಗೂ ತಡವರಿಸುತ್ತಾಳೆ. ಕಣ್ಣಿನ ಚಲನೆ ನೋಡಿ ಎಐ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆಯನ್ನು ಪತ್ತೆ ಮಾಡುತ್ತದಂತೆ. ನಂಬಬಹುದೇ ಮೇಡಂ? ಕಣ್ಣಿಗೆ ವ್ಯಾಯಾಮ ಮಾಡಿಸಲೇ?

ಉತ್ತರ: ವ್ಯಾಯಾಮ ಬೇಡಮ್ಮ. ದೃಷ್ಟಿ ಪರೀಕ್ಷೆ ಮಾಡಿಸಿ, ಕನ್ನಡಕ ಬೇಕಿದ್ದರೆ ಹಾಕಿಸಿ, ಅಷ್ಟೇ. ಡಿಸ್ಲೆಕ್ಸಿಯಾದಲ್ಲಿ ಮುಖ್ಯ ತೊಡಕು ಅಕ್ಷರಕ್ಕೂ ಅದರ ಉಚ್ಚಾರಕ್ಕೂ ನಂಟು ಕೂಡಿಸುವುದರಲ್ಲಿ. ಪದ ಬಿಡಿಸಲು ಆಗದೆ ಕಣ್ಣು ಅಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಓಡುತ್ತದೆ.

ಯಂತ್ರ ಹಿಡಿಯುವುದು ಇದನ್ನೇ. ಓದುವಾಗ ಯಾರ ಕಣ್ಣೂ ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಕುಪ್ಪಳಿಸುತ್ತದೆ. ನುರಿತವರ ಕಣ್ಣು ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು ಮುಂದಕ್ಕೆ ಹಾರುತ್ತದೆ. ಕಾಣದ ಇನ್‌ಫ್ರಾರೆಡ್ ಬೆಳಕು ಕಣ್ಣಿನ ಮೇಲೆ ಹೊಳೆದದ್ದನ್ನು ಕ್ಯಾಮೆರಾ ಹಿಡಿದು, ಎಲ್ಲಿ ನೋಡುತ್ತಿದ್ದೀರಿ ಎಂದು ಲೆಕ್ಕ ಹಾಕುತ್ತದೆ. ನಾನೂ ಒಮ್ಮೆ ಅದರ ಮುಂದೆ ಕೂತಿದ್ದೆ. ಮೊದಲು ಪರದೆಯ ಚುಕ್ಕೆಗಳನ್ನು ನೋಡಿಸಿ ಹೊಂದಿಸುತ್ತಾರೆ. ನನ್ನ ಬೈಫೋಕಲ್ ಕನ್ನಡಕ ಅದಕ್ಕೆ ಆಗಿಬರಲಿಲ್ಲ. ಮೂರು ಸಲ ಮಾಡಿಸಿ ಕೈಬಿಟ್ಟರು!

ಇನ್ನು ನಂಬಿಕೆಯ ಮಾತು. ಸ್ವೀಡನ್‌ನಲ್ಲಿ 185 ಮಕ್ಕಳ ಓದನ್ನು ಹೀಗೆ ದಾಖಲಿಸಿದ ಅಧ್ಯಯನ 2016ರಲ್ಲಿ ಬಂತು. ಕಂಪ್ಯೂಟರ್ ಸುಮಾರು 96% ಸರಿ ಹೇಳಿತು. ಕೇಳಲು ಚೆನ್ನ. ಆದರೆ ಅಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಓದಲು ಕಷ್ಟಪಡುವವರೇ. ಸಾಮಾನ್ಯ ಶಾಲೆಯ 1000 ಮಕ್ಕಳಲ್ಲಿ 50 ಮಂದಿಗೆ ತೊಡಕಿದೆ ಎಂದುಕೊಳ್ಳಿ. ಅದೇ 96% ಲೆಕ್ಕದಲ್ಲಿ 48 ಮಕ್ಕಳು ಸಿಗುತ್ತಾರೆ. ಜೊತೆಗೆ ಏನೂ ತೊಡಕಿಲ್ಲದ 38 ಮಕ್ಕಳಿಗೂ ಸುಮ್ನೆ ಹಣೆಪಟ್ಟಿ! ಇನ್ನೊಂದು, ಸ್ವೀಡಿಷ್ ಓದಿಸಿ ಕಲಿಸಿದ ಯಂತ್ರಕ್ಕೆ ನಮ್ಮ ಒತ್ತಕ್ಷರ, ಕೊಂಬು ಏನು ಗೊತ್ತು? ಮಗು ಓದುವ ಭಾಷೆಯಲ್ಲೇ ಅದನ್ನು ಪಳಗಿಸಿದ್ದಾರಾ ಎಂದು ಮೊದಲು ಕೇಳಿ.

ಹಾಗಂತ ಬೇಡ ಎನ್ನುತ್ತಿಲ್ಲ. ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಜರಡಿ ಹಿಡಿಯಲು ಸಾಕು, ತೀರ್ಪು ಕೊಡಲು ಸಾಲದು. ನಿದ್ದೆಗೆಟ್ಟ ಮಗು, ಹೆದರಿದ ಮಗು, ಓದುವ ರೂಢಿಯೇ ಕಮ್ಮಿ ಇರುವ ಮಗು, ಎಲ್ಲರ ಕಣ್ಣೂ ತಡವರಿಸಬಹುದು. ಕಾರಣ ತಿಳಿಯಲು ಕಲಿಕಾ ತೊಂದರೆಗಳನ್ನು ಬಲ್ಲ ಮನಶ್ಶಾಸ್ತ್ರಜ್ಞರು ಅವಳ ಜೊತೆ ಕೂತು ಓದಿಸಬೇಕು, ಬರೆಸಬೇಕು, ಪದ ಬಿಡಿಸಿ ಹೇಳಿಸಬೇಕು.

ಅದು ಆಗುವವರೆಗೆ ಕಾಯಬೇಡಿ. ಅಕ್ಷರ ಮತ್ತು ಉಚ್ಚಾರದ ಅಭ್ಯಾಸವನ್ನು ಇವತ್ತೇ ಶುರು ಮಾಡಿ, ದಿನಕ್ಕೆ ಹತ್ತು ನಿಮಿಷ. ಮತ್ತೆ, ದಯವಿಟ್ಟು ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ.