ಹಾಜರಿ ಉಂಟು, ಹೆಸರಿಲ್ಲ: ಕೂಲಿ, ಗುಳೆ, ಗುತ್ತಿಗೆ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಆಯ್ದುಕೊಂಡಿದ್ದೇವೆ. ಹಣ ಮುಳುಗುವ ಸಂಭವ ಇರುವ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಣ್ಣ ಸಿಮೆಂಟ್ ಕಾರ್ಖಾನ್ಯಾಗ ಹನ್ನೊಂದು ವರ್ಷದಿಂದ ಗುತ್ತಿಗಿ ಮ್ಯಾಲ ಇದ್ದಾನ, ಪಿಎಫ್ ಕಟ್ ಆಗ್ತದ. ಬಾಜೂ ಮನಿಯವರು ದಾಲ್ ಮಿಲ್‌ನ್ಯಾಗ ಹಮಾಲಿ ಮಾಡ್ತಾರ, ಅವರಿಗಿ ಏನೂ ಇಲ್ಲ. ಇಬ್ಬರಿಗೂ ಅಸಂಘಟಿತರು ಅಂತಾರ. ಬ್ಯಾರೆ ದೇಶದಾಗೂ ಹಿಂಗ ಅದೇನು?
— ಸೇಡಂ ತಾಲ್ಲೂಕು

ಉತ್ತರ: ಇಬ್ಬರ ಕೊರತೆಯೂ ಒಂದೇ ಅಲ್ಲ. ಹಮಾಲರ ಕೆಲಸ ಅನೌಪಚಾರಿಕ. ನೇಮಕ ಪತ್ರ, ಪಿಎಫ್, ಇಎಸ್‌ಐ ಯಾವುದೂ ಇಲ್ಲ. ಚೀಲ ಹೊತ್ತ ದಿನ ರೊಕ್ಕ, ನಡು ಹಿಡಿದ ದಿನ ಖಾಲಿ ಕೈ. ನಿಮ್ಮ ಅಣ್ಣನ ಕೆಲಸ ಕಾಗದದಲ್ಲಿದೆ, ಆದರೆ ಅಭದ್ರ. ಗುತ್ತೇದಾರ ಬದಲಾದರೆ ಕೆಲಸ ಉಳಿಯುವ ಖಾತ್ರಿಯಿಲ್ಲ.

ಪ್ರಪಂಚದಲ್ಲೂ ಈ ಎರಡು ಬಗೆ ಬೇರೆಬೇರೆಯಾಗಿಯೇ ಕಾಣುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿಯ ಪ್ರಕಾರ 200 ಕೋಟಿ ಜನ, ಅಂದರೆ ದುಡಿಯುವವರಲ್ಲಿ ನೂರಕ್ಕೆ 61 ಮಂದಿ, ಅನೌಪಚಾರಿಕ ಕೆಲಸದಲ್ಲಿದ್ದಾರೆ. ಆಫ್ರಿಕಾದಲ್ಲಿ ಇದು ನೂರಕ್ಕೆ ಸುಮಾರು 86, ಏಷ್ಯಾ–ಪೆಸಿಫಿಕ್‌ನಲ್ಲಿ 68, ಅಮೆರಿಕ ಖಂಡಗಳಲ್ಲಿ 40, ಯುರೋಪ್ ಮತ್ತು ಮಧ್ಯ ಏಷ್ಯಾದಲ್ಲಿ 25. ಶ್ರೀಮಂತ ದೇಶಗಳಲ್ಲಿ ಕಾಗದ ಇರುತ್ತದೆ, ಭದ್ರತೆ ಇರುವುದಿಲ್ಲ. ಜಪಾನಿನ ನೌಕರರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ಕಾಯಂ ಅಲ್ಲದವರು. ಬ್ರಿಟನ್ನಿನಲ್ಲಿ ‘ಶೂನ್ಯ ಗಂಟೆ’ ಕರಾರು ಎಂಬುದಿದೆ. ವಾರಕ್ಕೆ ಇಷ್ಟು ತಾಸು ಕೆಲಸ ಕೊಡುತ್ತೇವೆಂಬ ಮಾತೇ ಅದರಲ್ಲಿ ಇರುವುದಿಲ್ಲ.

ನಿಮ್ಮ ಅಣ್ಣ ಈ ವಾರವೇ ಮಾಡಬೇಕಾದ ಕೆಲಸವೊಂದಿದೆ. ಪಿಎಫ್ ಪಾಸ್‌ಬುಕ್ ತೆಗೆದು, ಹನ್ನೊಂದು ವರ್ಷವೂ ಒಂದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಕೆಳಗೆ ಇದೆಯೇ ನೋಡಲಿ. ಗುತ್ತೇದಾರ ಬದಲಾದಾಗಲೆಲ್ಲ ಹೊಸ ಸದಸ್ಯ ಸಂಖ್ಯೆ ಬರುವುದು ಸಹಜ, ಆದರೆ ಹೊಸ ಯುಎಎನ್ ಬಂದಿದ್ದರೆ ಸೇವೆ ತುಂಡಾಗಿದೆ ಎಂದೇ ಅರ್ಥ. ಪಿಎಫ್ ಪಿಂಚಣಿಗೆ 10 ವರ್ಷದ ಸೇವೆ ಬೇಕು. ತುಂಡುಗಳನ್ನು ವರ್ಗಾವಣೆ ಮಾಡಿ ಜೋಡಿಸದಿದ್ದರೆ ಹನ್ನೊಂದು ವರ್ಷ ದುಡಿದೂ ಹತ್ತು ತುಂಬುವುದಿಲ್ಲ. ಹಳೆಯ ಗುತ್ತೇದಾರ ‘ಕೆಲಸ ಬಿಟ್ಟ ದಿನಾಂಕ’ ನಮೂದಿಸದಿದ್ದರೂ ವರ್ಗಾವಣೆ ನಿಲ್ಲುತ್ತದೆ. ನಡುವೆ ಅಡಚಣೆಗೆಂದು ಪಿಂಚಣಿ ಭಾಗದ ಹಣ ತೆಗೆದಿದ್ದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಇನ್ನು ಮುಂದೆಯಾದರೂ ಅದನ್ನು ಮುಟ್ಟದಿರಲಿ.

ಪ್ರಶ್ನೆ: ನಮ್ಮ ಊರಿನ 9 ಮಂದಿ ಪುಣೆಗೆ ಗುಳೆ ಹೋಗಿದ್ದರು. ಆರು ವಾರದ ಲೆಕ್ಕ ಬಾಕಿ ಅದ. ಬಿಲ್ಡರ್ ಕೊಟ್ಟಿಲ್ಲ ಅಂತ ಮೇಸ್ತ್ರಿ, ಮೇಸ್ತ್ರಿಗಿ ಕೊಟ್ಟೀವಿ ಅಂತ ಸೈಟಿನವರು. ಈಗ ಎಲ್ಲರೂ ಊರಿಗಿ ಬಂದಾರ. ಏನು ಮಾಡಬೇಕು?
— ಶಹಾಪುರ ತಾಲ್ಲೂಕು

ಉತ್ತರ: ಬಿಲ್ಡರ್ ಮೇಸ್ತ್ರಿಗೆ ಕೊಟ್ಟನೋ ಬಿಟ್ಟನೋ ಅದು ಅವರಿಬ್ಬರ ಜಗಳ. ಅದರ ನಡುವೆ ನಿಮ್ಮವರು ನಿಲ್ಲಬೇಕಾಗಿಲ್ಲ. ಗುತ್ತೇದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ವೇತನ ಸಂಹಿತೆಯಡಿ ಬಾಕಿ ಕೂಲಿ ಕೇಳಲು 3 ವರ್ಷದ ಅವಧಿ ಇದೆ. ಹಾಗೆಂದು ಕಾಯಬೇಡಿ. ಕಟ್ಟಡ ಮುಗಿದರೆ ಸೈಟಿನ ಕಚೇರಿ ಎದ್ದುಹೋಗುತ್ತದೆ, ಮೇಸ್ತ್ರಿಯ ಸಿಮ್ ಬದಲಾಗುತ್ತದೆ.

ಮೊದಲು ಲೆಕ್ಕ. ಒಬ್ಬೊಬ್ಬರದೂ ಬೇರೆ ಬರೆಯಿರಿ. ಉದಾಹರಣೆಗೆ 42 ದಿನದಲ್ಲಿ ಹಾಜರಿ 38, ದಿನಕ್ಕೆ 700 ರೂಪಾಯಿ ಎಂದರೆ 26,600. ಹೆಚ್ಚುವರಿ ದುಡಿದದ್ದು 24 ತಾಸು ಎನ್ನಿ. ಎಂಟು ತಾಸಿಗೆ 700 ಆದರೆ ತಾಸಿಗೆ 87.50. ಹೆಚ್ಚುವರಿ ತಾಸಿಗೆ ಇದರ ಎರಡು ಪಟ್ಟು, ಅಂದರೆ 175, ಕೊಡಬೇಕು. ಅಲ್ಲಿಗೆ 4,200. ಒಟ್ಟು 30,800. ವಾರದ ಖರ್ಚಿ 1,500ರಂತೆ ಆರು ವಾರಕ್ಕೆ 9,000, ಊರಲ್ಲಿ ಕೊಟ್ಟ ಮುಂಗಡ 5,000 ಕಳೆದರೆ ಬಾಕಿ 16,800. ಖರ್ಚಿ, ಮುಂಗಡ ಪಡೆದದ್ದನ್ನು ಮುಚ್ಚಿಡಬೇಡಿ. ಎದುರಿನವರು ಅದೊಂದನ್ನು ತೋರಿಸಿ ನಿಮ್ಮ ಇಡೀ ಲೆಕ್ಕವೇ ಸುಳ್ಳು ಎನ್ನುತ್ತಾರೆ.

ಆಮೇಲೆ ಪುರಾವೆ. ಹಾಜರಿ ಪುಸ್ತಕ ಮೇಸ್ತ್ರಿಯ ಬಳಿಯೇ ಉಳಿದಿರುತ್ತದೆ, ಆದ್ದರಿಂದ ನಿಮ್ಮವರ ಮೊಬೈಲ್ ಕೆದಕಿ. ಫೋನ್‌ಪೇ ಅಥವಾ ಗೂಗಲ್ ಪೇಯಲ್ಲಿ ಬಂದ ಖರ್ಚಿ, ಮೇಸ್ತ್ರಿಯ ವಾಟ್ಸಾಪ್ ಧ್ವನಿ ಸಂದೇಶ, ಸೈಟಿನಲ್ಲಿ ತೆಗೆದ ಫೋಟೊ, ಗೇಟ್ ಪಾಸ್ ಎಲ್ಲವೂ ಸಾಕ್ಷಿ. ಸೈಟಿನ ಬೋರ್ಡಿನ ಫೋಟೊ ಇದ್ದರೆ ಅದರಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಹುಡುಕಿ. ಆ ಸಂಖ್ಯೆ ಹಾಕಿದರೆ ಬಿಲ್ಡರ್‌ನ ಕಂಪನಿ ಹೆಸರು, ವಿಳಾಸ ಮಹಾರಾಷ್ಟ್ರ ರೇರಾ ಜಾಲತಾಣದಲ್ಲಿ ಸಿಗುತ್ತದೆ. ನಮ್ಮ ಕಡೆಯ ಬಹಳಷ್ಟು ದೂರುಗಳು ‘ಪಾಟೀಲ ಸೇಠ’ ಎಂಬಂಥ ಅರ್ಧ ಹೆಸರಿನಿಂದಲೇ ಬಿದ್ದುಹೋಗುತ್ತವೆ.

ದೂರು ಕೊಡಬೇಕಾದದ್ದು ಕೆಲಸ ನಡೆದ ಊರಿನಲ್ಲಿ, ಅಂದರೆ ಪುಣೆಯ ಕಾರ್ಮಿಕ ಇಲಾಖೆಯಲ್ಲಿ. ಮೇಸ್ತ್ರಿ ಮತ್ತು ಬಿಲ್ಡರ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ‘ಇತರ ಎಂಟು ಮಂದಿ’ ಎಂದು ಬರೆದರೆ ಆ ಎಂಟು ಮಂದಿಗೆ ಏನೂ ಸಿಗುವುದಿಲ್ಲ. ಒಂಬತ್ತೂ ಜನರ ಹೆಸರು ಆಧಾರ್‌ನಲ್ಲಿ ಇದ್ದಂತೆ, ದಿನ, ದರ, ಬಾಕಿ, ಸಹಿ ಅಥವಾ ಹೆಬ್ಬೆಟ್ಟು ಇರಲಿ. ಪುಣೆಗೆ ಓಡಾಡುವ ಖರ್ಚೇ ಬಾಕಿಯನ್ನು ನುಂಗಬಾರದೆಂದರೆ, ಮೊದಲು ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಾರ್ಮಿಕರಿಗೆ ಅಲ್ಲಿ ವಕೀಲರ ನೆರವು ಉಚಿತ. ಪುಣೆಯ ಪ್ರಾಧಿಕಾರಕ್ಕೆ ಅವರೇ ಬರೆಯಬಹುದು. ಸಹಾಯವಾಣಿ 15100.

ರಾಜಿಗೆ ಕರೆದರೆ ಎಲ್ಲರೂ ಕೂಡಿ ಹೋಗಿ. ‘ಎಲ್ಲ ಬಾಕಿ ಚುಕ್ತಾ’ ಎಂದು ಬರೆದ ಕಾಗದಕ್ಕೂ ಖಾಲಿ ಹಾಳೆಗೂ ಹೆಬ್ಬೆಟ್ಟು ಒತ್ತಬೇಡಿ.

ಕಬ್ಬು ಕಡಿಯಲು ಹೋಗುವವರಿಗೂ ಒಂದು ಮಾತು. ಅಲ್ಲಿ ಗಂಡ ಹೆಂಡತಿಯನ್ನು ಒಂದು ಜೋಡಿ ಎಂದು ಲೆಕ್ಕ ಹಿಡಿದು ಮುಂಗಡ ಕೊಡುತ್ತಾರೆ, ಲೆಕ್ಕ ಗಂಡನ ಹೆಸರಲ್ಲಿ ಮಾತ್ರ ಇರುತ್ತದೆ. ಮುಂಗಡ ತೀರಿಲ್ಲವೆಂದು ಊರಿಗೆ ಬಿಡದೆ ಕೂಡಿಹಾಕಿದರೆ ಅದು ಕೂಲಿಯ ತಕರಾರಲ್ಲ, 1976ರ ಕಾಯ್ದೆಯ ಪ್ರಕಾರ ಜೀತ. ನೇರವಾಗಿ ಅಲ್ಲಿನ ಜಿಲ್ಲಾಧಿಕಾರಿಗೆ ದೂರು ಕೊಡಿ.

ಪ್ರಶ್ನೆ: ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಇ–ಶ್ರಮ್ ಕಾರ್ಡ್ ಇದೆ, ಇದುವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಲೇಬರ್ ಕಾರ್ಡ್ ಮಾಡಿಸಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ.
— ಬೀದರ್

ಉತ್ತರ: ಕೊಡಬೇಡಿ. ಜನ ಲೇಬರ್ ಕಾರ್ಡ್ ಎನ್ನುವುದು ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರಿಗೆ ಅದು ಸಲ್ಲುತ್ತದೆ. ಹೊಲಿಗೆಯವರಿಗೆ ಸುಳ್ಳು ದಾಖಲೆ ಕೊಟ್ಟು ಮಾಡಿಸಿದ ಕಾರ್ಡ್ ಪರಿಶೀಲನೆಯಲ್ಲಿ ರದ್ದಾಗುತ್ತದೆ, ಹಣ ದಲ್ಲಾಳಿಯ ಪಾಲಾಗುತ್ತದೆ. ಟೈಲರ್‌ಗಳಿಗೆ ಇರುವುದು ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ. ಹಮಾಲರು, ಮನೆಗೆಲಸದವರು, ಮೆಕ್ಯಾನಿಕ್‌ಗಳೂ ಅದರಲ್ಲಿ ಬರುತ್ತಾರೆ. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಇ–ಶ್ರಮ್ 2021ರ ಆಗಸ್ಟ್ 26ರಂದು ಆರಂಭವಾದ ಅಸಂಘಟಿತ ಕಾರ್ಮಿಕರ ನೋಂದಣಿ. ಅದು ತಿಂಗಳ ಹಣ ಕೊಡುವ ಯೋಜನೆ ಅಲ್ಲ. ಆದರೂ ಉದ್ಯೋಗ, ಮೊಬೈಲ್ ಸಂಖ್ಯೆ ಬದಲಾದಾಗ ತಿದ್ದಿಸಿ ಇಡಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿದರೆ ಅಪಘಾತದಲ್ಲಿ ಸಾವಾದಾಗ ಮನೆಯವರಿಗೆ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ಅದು ನಿಂತುಹೋಗುತ್ತದೆ.

ಪ್ರಶ್ನೆ: ನನ್ನ ಮಗನಿಗೆ ಸೌದಿಯಲ್ಲಿ ಡ್ರೈವರ್ ಕೆಲಸ ಎಂದು ಏಜೆಂಟ್ 1,20,000 ಕೇಳುತ್ತಿದ್ದಾನೆ. ಸದ್ಯ ವಿಸಿಟ್ ವೀಸಾ, ಹೋದ ಮೇಲೆ ಬದಲಾಯಿಸುತ್ತಾರಂತೆ. ಅವನು ಹತ್ತನೇ ಪಾಸಾಗಿಲ್ಲ.
— ಹುಮನಾಬಾದ್

ಉತ್ತರ: ವಿಸಿಟ್ ವೀಸಾದಲ್ಲಿ ಕಳಿಸಬೇಡಿ ತಾಯಿ. ಅದರಲ್ಲಿ ದುಡಿಯುವುದೇ ಅಲ್ಲಿ ಅಪರಾಧ. ಪಗಾರ ಕೊಡದಿದ್ದರೆ ದೂರು ಕೊಡಲು ಹೋದವನೇ ಸಿಕ್ಕಿಬೀಳುತ್ತಾನೆ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗದ್ದು, ಅಂದರೆ ವಲಸೆ ತಪಾಸಣೆ ಬೇಕಾದದ್ದು. ಸೌದಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕೇ ಬೇಕು. ಅದು ಇ–ಮೈಗ್ರೇಟ್ ಜಾಲತಾಣದ ಮೂಲಕ ಆಗುತ್ತದೆ. ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಅಲ್ಲೇ ಹುಡುಕಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಕಡ್ಡಾಯ. ಎರಡು ವರ್ಷಕ್ಕೆ ಕಂತು 275, ಅಪಘಾತದ ಸಾವಿಗೆ ಪರಿಹಾರ 10 ಲಕ್ಷ.

ವೀಸಾ ಬಂದಾಗ ಹುದ್ದೆಯ ಅರಬ್ಬಿ ಪದ ಓದಿಸಿ. ‘ಸಾಯಿಕ್ ಖಾಸ್’ ಎಂದಿದ್ದರೆ ಅದು ಮನೆ ಡ್ರೈವರ್. ಸೌದಿ 2021ರ ಮಾರ್ಚ್‌ನಲ್ಲಿ ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವ ಅವಕಾಶ ಕೊಟ್ಟಾಗ ಮನೆಗೆಲಸದವರು, ಮನೆ ಡ್ರೈವರ್‌ಗಳು, ಕುರಿಗಾಹಿಗಳನ್ನು ಹೊರಗಿಟ್ಟಿತು. ಕಂಪನಿ ಡ್ರೈವರ್‌ಗೂ ಮನೆ ಡ್ರೈವರ್‌ಗೂ ಪಗಾರದಲ್ಲಿ ಮಾತ್ರವಲ್ಲ, ಬಿಟ್ಟು ಬರುವ ಹಕ್ಕಿನಲ್ಲೇ ವ್ಯತ್ಯಾಸವಿದೆ. ಕರಾರಿನ ಫೋಟೊ ಮನೆಯಲ್ಲಿ ಇರಲಿ, ಏಕೆಂದರೆ ಅಲ್ಲಿ ಇಳಿದ ಮೇಲೆ ಬೇರೆ ಕರಾರಿಗೆ ಸಹಿ ಹಾಕಿಸುವುದುಂಟು.

ಪ್ರಶ್ನೆ: ಊಟ ಡೆಲಿವರಿ ಮಾಡುತ್ತಿದ್ದೆ, ಒಂದು ದಿನ ಐಡಿ ಬ್ಲಾಕ್ ಆಯಿತು. ಕಾರಣ ಹೇಳಿಲ್ಲ.
— ಕಲಬುರಗಿ

ಉತ್ತರ: ಕರ್ನಾಟಕದಲ್ಲಿ ನಿಮ್ಮಂತೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾಯ್ದೆ ಬಂದಿದೆ. ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನ ಮುಂಚಿತ ನೋಟಿಸ್ ಬೇಕು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆ್ಯಪ್ ಅಳಿಸಬೇಡಿ. ಬ್ಲಾಕ್ ಸಂದೇಶ, ಕೊನೆಯ ಮೂರು ತಿಂಗಳ ಗಳಿಕೆ, ರೇಟಿಂಗ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಕಂಪನಿಯ ದೂರು ವಿಭಾಗಕ್ಕೆ ಇಮೇಲ್‌ನಲ್ಲೇ ಕಾರಣ ಕೇಳಿ. ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಉಬರ್ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕನಿಷ್ಠ ವೇತನ ಮತ್ತು ಸಂಬಳ ಸಹಿತ ರಜೆಗೆ ಅರ್ಹರಾದ ದುಡಿಮೆಗಾರರು ಎಂದಿತು. ಅದೇ ವರ್ಷ ಸ್ಪೇನ್ ಡೆಲಿವರಿಯವರನ್ನು ನೌಕರರೆಂದೇ ಪರಿಗಣಿಸುವ ಕಾನೂನು ತಂದಿತು. ನಮ್ಮ ಕಾಯ್ದೆ ಅಷ್ಟು ದೂರ ಹೋಗಿಲ್ಲ. ನೌಕರ ಎಂಬ ಸ್ಥಾನ ಕೊಡದೆ ಕಲ್ಯಾಣ ನಿಧಿ ಕೊಟ್ಟಿದೆ. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಸೂಪರ್ ಮಾರ್ಕೆಟ್ ಹತ್ತಿರ ಬಂಡಿ ಮೇಲೆ ಹಣ್ಣು ಮಾರ್ತೀನಿ. ನಮ್ಮಂಥವರಿಗಿ ಪಿಂಚಣಿ ಕೊಡೋ ದೇಶ ಯಾವುದಾದರೂ ಅದೇನು?
— ಕಲಬುರಗಿ

ಉತ್ತರ: ಬ್ರೆಜಿಲ್ ಇದೆ. ಅಲ್ಲಿ 2009ರಿಂದ ಸಣ್ಣ ಸ್ವಂತ ದುಡಿಮೆಯವರಿಗೆ ಒಂದೇ ಸರಳ ನೋಂದಣಿ ಇದೆ. ಕನಿಷ್ಠ ವೇತನದ ನೂರಕ್ಕೆ 5ರಷ್ಟು ಮತ್ತು ಅಲ್ಪ ತೆರಿಗೆಯನ್ನು ಪ್ರತಿ ತಿಂಗಳು ಒಂದೇ ಚಲನ್‌ನಲ್ಲಿ ಕಟ್ಟಿದರೆ ಮುಪ್ಪಿನ ಪಿಂಚಣಿ, ಕಾಯಿಲೆಯ ಭತ್ಯೆ, ಹೆರಿಗೆ ಭತ್ಯೆಯ ಹಕ್ಕು ಬರುತ್ತದೆ. ಕಂತು ತಪ್ಪಿಸುವವರು ಬಹಳ ಎಂಬುದೇ ಅದರ ತೊಂದರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 2019ರ ಶ್ರಮ ಯೋಗಿ ಮಾನ್‌ಧನ್ ಪಿಂಚಣಿ ಯೋಜನೆ. ತಿಂಗಳ ಆದಾಯ 15,000ದ ಒಳಗಿರುವ, 18ರಿಂದ 40 ವರ್ಷದೊಳಗಿನವರು ಸೇರಬಹುದು. ವಯಸ್ಸಿನ ಪ್ರಕಾರ ಕಂತು 55ರಿಂದ 200 ರೂಪಾಯಿ, ಅಷ್ಟೇ ಹಣವನ್ನು ಸರ್ಕಾರ ಸೇರಿಸುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000. ನಲವತ್ತು ದಾಟಿದವರಿಗೆ ಬಾಗಿಲಿಲ್ಲ, ಬಂಡಿಯವರಲ್ಲಿ ಎಷ್ಟೋ ಮಂದಿ ಆ ವಯಸ್ಸು ದಾಟಿದವರೇ.

ಪಿಂಚಣಿಗಿಂತ ಮೊದಲು ಜಾಗ ಗಟ್ಟಿ ಮಾಡಿಕೊಳ್ಳಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಾಲಿಕೆಯಿಂದ ಮಾರಾಟ ಪ್ರಮಾಣಪತ್ರ ಪಡೆಯಿರಿ. ಎಬ್ಬಿಸುವ ಮುನ್ನ 30 ದಿನದ ನೋಟಿಸ್ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಬಂಡಿ ಎತ್ತಿಕೊಂಡು ಹೋದರೆ ಸಾಮಾನಿನ ಪಟ್ಟಿಯನ್ನು ಅಲ್ಲೇ ಕೇಳಿ ಪಡೆಯಿರಿ. ಹಣ್ಣಿನಂಥ ಕೆಡುವ ಸರಕನ್ನು ನೀವು ಕೇಳಿದ ದಿನವೇ ಮರಳಿಸಬೇಕು. ಪಟ್ಟಿ ಇಲ್ಲದಿದ್ದರೆ ಎಷ್ಟು ಡಜನ್ ಇತ್ತು ಎಂಬುದಕ್ಕೆ ಆಧಾರವೇ ಇರುವುದಿಲ್ಲ.